ಇನ್ನೂರು ದಿನದ ಹಾಲು

ದಾಸರಪಲ್ಲಿ, ಮಾಲೂರು ತಾಲ್ಲೂಕು
6-8-1944

ಚಿ. ಭಾರತಿಗೆ,

ಈ ಕಾಗದ ಕೈಸೇರಿದ ಕೂಡಲೇ ಮೊದಲು ಲಕೋಟೆಯ ಬೆನ್ನು ನೋಡು. ಅನ್ನದ ಅಗುಳು ಒತ್ತಿ ಮುಚ್ಚಿ, ಮೇಲೆ ಅಡ್ಡಕ್ಕೆ ಶಾಯಿಯಲ್ಲಿ ಒಂದು ಗೆರೆ ಎಳೆದಿದ್ದೇನೆ. ಆ ಗೆರೆ ಎಲ್ಲಾದರೂ ತಪ್ಪಿ ಕೂತಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿ ಓದಿದ್ದಾರೆಂದು ತಿಳಿದು ನನಗೆ ಬರಿ. ಇಲ್ಲಿ ಈಗ ಯಾರನ್ನೂ ನಂಬುವ ಹಾಗಿಲ್ಲ.

ವಿಷಯ ಇಷ್ಟೆ. ನಾನು ಹಾಲಿನ ಸಂಘದ ಚುನಾವಣೆಗೆ ನಿಂತಿದ್ದೇನೆ. ಮುನಿಕೃಷ್ಣಪ್ಪನೂ ನಿಂತಿದ್ದಾನೆ. ಐದು ಜನ ಡೈರೆಕ್ಟರುಗಳಲ್ಲಿ ನಾವಿಬ್ಬರು ಒಳಗೆ ಹೋದರೆ ಪ್ರೆಸಿಡೆಂಟ್ ಆವಲಪ್ಪನ ದರ್ಬಾರಿಗೆ ಒಂದು ಲಗಾಮು ಬೀಳುತ್ತದೆ. ನೀನು ಕೆಲಸಕ್ಕೆ ಸೇರಿ ಹೋದ ಮೇಲೆ ಇಲ್ಲಿ ಏನೇನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳು ತುಂಬಿದ ಮೇಲೆ ಎಷ್ಟು ಹಾಲು ಕಳಿಸಿದರೂ ಸಾಲದು. ಬೆಳಗಿನ ರೈಲಿಗೆ ಮಾಲೂರಿನಿಂದ ಮೂವತ್ತು ಕ್ಯಾನು ಹೋಗುತ್ತವೆ. ಹಾಲು ನಮ್ಮದು, ಕುರ್ಚಿ ಮಾತ್ರ ಆವಲಪ್ಪನ ನೆಂಟರದು. ಅವರಲ್ಲಿ ಒಬ್ಬನ ಮನೆಯಲ್ಲಿ ಎರಡು ಮೇಕೆ ಬಿಟ್ಟರೆ ಕೆಚ್ಚಲಿರುವ ಪ್ರಾಣಿಯೇ ಇಲ್ಲ!

ಅದಕ್ಕೇ ಹೋದ ವರ್ಷದ ಸಭೆಯಲ್ಲಿ ನಾನು ಜಗಳವಾಡಿ ಒಂದು ಬೈಲಾ ತಂದೆ. ವರ್ಷದಲ್ಲಿ ಇನ್ನೂರು ದಿನ ಸಂಘಕ್ಕೆ ಹಾಲು ಹಾಕಿದವನೇ ಚುನಾವಣೆಗೆ ನಿಲ್ಲಬೇಕು. ಅಕ್ಟೋಬರ್ ಕೊನೆಗೆ ಲೆಕ್ಕ ಮುಗಿಯುತ್ತದೆ. ಮೂರು ಸಲ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವನೂ ನಿಲ್ಲುವ ಹಾಗಿಲ್ಲ. ಆವತ್ತು ಆವಲಪ್ಪ ಮುಖ ಗಂಟು ಹಾಕಿಕೊಂಡು, ‘ಆಗ್ಲಿ ಬಿಡ್ರಪ್ಪ, ನಿಮ್ ರೂಲು ನಿಮ್ಗೇ ಒಳ್ಳೇದಾಗ್ಲಿ’ ಅಂದ. ಆ ಮಾತಿನ ಒಳಗೆ ಏನೋ ಇತ್ತು ಎಂದು ನನಗೆ ಈಗ ಅನ್ನಿಸುತ್ತಿದೆ.

ನಿನ್ನ ಅಮ್ಮ, ‘ಪೋನೀ, ಹೋಗ್ಲಿ ಬಿಡಿ, ನಮಗ್ಯಾಕೆ ಈ ಉಸಾಬರಿ’ ಎನ್ನುತ್ತಾಳೆ. ಅವಳಿಗೆ ಹೇಗೆ ತಿಳಿಯಬೇಕು. ಸಭೆ ನವೆಂಬರ್ ಇಪ್ಪತ್ತಾರು, ಭಾನುವಾರ.

ನಿನ್ನ ಹಿತ ಬಯಸುವ
ಅಪ್ಪ, ದೊಡ್ಡವೆಂಕಟಪ್ಪ

•

ಶ್ರೀನಿವಾಸಪುರ
14-8-1944

ತೀರ್ಥರೂಪು ಅಪ್ಪನಿಗೆ ಭಾರತಿ ಮಾಡುವ ನಮಸ್ಕಾರಗಳು.

ಗೆರೆ ನೆಟ್ಟಗೇ ಇತ್ತು. ಯಾರೂ ಬಿಚ್ಚಿಲ್ಲ. ನಮ್ಮ ಮನೆಯ ಕಾಗದ ಓದಿ ಯಾರಿಗೆ ಏನಾಗಬೇಕು ಅಪ್ಪ?

ನೀವು ನಿಂತದ್ದು ಸಂತೋಷ. ಚಿಕ್ಕಪ್ಪನೂ ಜೊತೆಗಿದ್ದಾರೆ ಎಂದು ಓದಿ ಇನ್ನೂ ಸಂತೋಷವಾಯಿತು. ಹದಿಮೂರು ವರ್ಷಕ್ಕೆ ವಿಧವೆಯಾದವಳನ್ನು ಕೋಲಾರಕ್ಕೆ ಓದಲು ಕಳಿಸುತ್ತಾರಂತೆ ಎಂದು ಊರೆಲ್ಲ ಆಡಿಕೊಂಡಾಗ ಆ ದಿನ ಗಾಡಿ ಕಟ್ಟಿದವರು ಮುನಿಕೃಷ್ಣಪ್ಪ ಚಿಕ್ಕಪ್ಪ. ನೀವು ಗಾಡಿಯಲ್ಲಿ ಅಳುತ್ತಿದ್ದಿರಿ, ಅವರು ದಾರಿಯುದ್ದಕ್ಕೂ ನನಗೆ ಎತ್ತುಗಳ ಕಥೆ ಹೇಳುತ್ತಿದ್ದರು. ನಿಮ್ಮಿಬ್ಬರ ಹೆಸರೂ ಒಂದೇ ಹಲಗೆಯ ಮೇಲೆ ಬರೆಯುತ್ತಾರೆಂದರೆ ನೋಡಲು ಬರಬೇಕೆನ್ನಿಸುತ್ತದೆ.

ಇಲ್ಲಿ ಶಾಲೆಯಲ್ಲಿ ಹುಡುಗಿಯರು ಇಪ್ಪತ್ತೊಂದು ಜನ. ಮಾವಿನ ಕಾಲದಲ್ಲಿ ಅರ್ಧ ಬರಲಿಲ್ಲ, ಈಗ ಬರುತ್ತಿದ್ದಾರೆ. ನಾನಿರುವ ಮನೆಯ ಶಾಮಲಮ್ಮನವರು ನನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ, ಮಗಳ ಹಾಗೆಯೇ ಬಯ್ಯುತ್ತಾರೆ.

ಅಮ್ಮನ ಮಾತನ್ನೂ ಒಮ್ಮೊಮ್ಮೆ ಕೇಳಿ.

ನಿಮ್ಮ ಮಗಳು
ಭಾರತಿ

•

ದಾಸರಪಲ್ಲಿ
2-9-1944

ಚಿ. ಭಾರತಿಗೆ,

ನಾನು ಹೆದರಿದ್ದು ಆಗಿಹೋಯಿತು. ನಿನ್ನೆ ನಮ್ಮ ಹಾಲಿನಲ್ಲಿ ನೀರು ಸಿಕ್ಕಿತು.

ಹೇಗಾಯಿತೆಂದು ಬರೆಯುತ್ತೇನೆ. ಸಂಘದ ಶೆಡ್ಡು ಸ್ಟೇಷನ್ನಿನ ಹಿಂದಿರುವುದು ನಿನಗೆ ಗೊತ್ತು. ನಮ್ಮ ಕ್ಯಾನನ್ನೂ ತನ್ನ ಕ್ಯಾನನ್ನೂ ಮುನಿಕೃಷ್ಣಪ್ಪ ತನ್ನ ಗಾಡಿಯಲ್ಲೇ ತರುತ್ತಾನೆ, ನಾನು ಹೊಲ ಸುತ್ತಿಕೊಂಡು ನಡೆದು ಹೋಗಿ ಸೇರುತ್ತೇನೆ. ಗುಮಾಸ್ತ ಗಂಗುಲಪ್ಪ ವಾರದಲ್ಲಿ ಯಾವುದೋ ಒಂದು ದಿನ ಎಲ್ಲರ ಹಾಲಿಗೂ ಗಾಜಿನ ಕಡ್ಡಿ ಬಿಟ್ಟು ನೋಡುತ್ತಾನೆ. ಹಾಲು ಗಟ್ಟಿಯಿದ್ದರೆ ಕಡ್ಡಿ ತೇಲುತ್ತದೆ, ನೀರಿದ್ದರೆ ಮುಳುಗುತ್ತದೆ. ನಮ್ಮ ಹಾಲಿನಲ್ಲಿ ಅದು ಕುತ್ತಿಗೆಯವರೆಗೆ ಇಳಿಯಿತು.

‘ದೊಡ್ಡವೆಂಕಟಪ್ನೋರೆ, ಇದ್ರಾಗೆ ನೀರೈತೆ’ ಅಂದ ಮೆಲ್ಲಗೆ.

‘ಸರಿಯಾಗಿ ನೋಡಯ್ಯ. ಕಡ್ಡಿ ಒರೆಸಿ ನೋಡು.’

ಒರೆಸಿ ನೋಡಿದ. ಅಷ್ಟೇ ಇಳಿಯಿತು. ನನ್ನ ಹಿಂದೆ ಇಪ್ಪತ್ತು ಜನ ಸಾಲಾಗಿ ನಿಂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಆವಲಪ್ಪ ಕುರ್ಚಿಯಿಂದೆದ್ದು ಬಂದು, ‘ಹೋಗ್ಲಿ, ಒಂದ್ಸಲ ಯಾರ್ಗಾದ್ರೂ ಆಗ್ತದೆ’ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಭಾರ ಇನ್ನೂ ಹೆಗಲ ಮೇಲಿದೆ.

ಇದು ಅವನದೇ ಕೆಲಸ. ಆದರೆ ಕೈ ಯಾರದು? ಅವನು ತಾನೇ ಬಂದು ನಮ್ಮ ಕ್ಯಾನಿಗೆ ನೀರು ಹುಯ್ಯುವುದಿಲ್ಲ. ಮುನಿಕೃಷ್ಣಪ್ಪನನ್ನು, ದಾರಿಯಲ್ಲಿ ಎಲ್ಲಾದರೂ ಗಾಡಿ ನಿಲ್ಲಿಸಿದೆಯಾ ಎಂದು ಕೇಳಿದೆ. ‘ಎಲ್ಲೂ ಇಲ್ಲ ಕಣಣ್ಣ’ ಅಂದ. ನೆಲ ನೋಡಿಕೊಂಡು ಹೇಳಿದ. ಮೂವತ್ತು ವರ್ಷದ ಸ್ನೇಹದಲ್ಲಿ ಅವನು ನೆಲ ನೋಡಿಕೊಂಡು ನನ್ನ ಹತ್ತಿರ ಮಾತಾಡಿದ್ದಿಲ್ಲ.

ಇದನ್ನು ಓದಿದ ಮೇಲೆ ಒಲೆಗೆ ಹಾಕು.

ನಿನ್ನ ಅಪ್ಪ
ದೊಡ್ಡವೆಂಕಟಪ್ಪ

•

ಶ್ರೀನಿವಾಸಪುರ
17-9-1944

ತೀರ್ಥರೂಪು ಅಪ್ಪನಿಗೆ,

ನಿಮ್ಮ ಕಾಗದವನ್ನು ಒಲೆಗೆ ಹಾಕಲಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಸಿಟ್ಟಾಗಬೇಡಿ.

ಚಿಕ್ಕಪ್ಪ ನೆಲ ನೋಡಿದರೆ ಅದಕ್ಕೆ ನೂರು ಕಾರಣವಿರಬಹುದು. ನಿಮಗೆ ಅವಮಾನವಾದದ್ದನ್ನು ಕಂಡು ಅವರಿಗೂ ನಾಚಿಕೆಯಾಗಿರಬಹುದು. ಒಂದು ಕೆಲಸ ಮಾಡಿ. ನಾಲ್ಕು ದಿನ ನಮ್ಮ ಕ್ಯಾನನ್ನು ಯಾರ ಗಾಡಿಗೂ ಹಾಕದೆ ನೀವೇ ಹೊತ್ತುಕೊಂಡು ಹೋಗಿ. ಆಗ ತಿಳಿಯುತ್ತದೆ. ಅದಕ್ಕೆ ಮುಂಚೆ ಯಾರನ್ನೂ ಏನೂ ಅನ್ನಬೇಡಿ. ಬಾಯಿಂದ ಬಿದ್ದ ಮಾತನ್ನು ಶೆಡ್ಡಿನ ಮುಂದೆ ಇಪ್ಪತ್ತು ಜನ ಎತ್ತಿಕೊಂಡು ಹೋಗುತ್ತಾರೆ.

ಅಮ್ಮ ಹೇಗಿದ್ದಾಳೆ? ನೀವು ಅವಳ ವಿಷಯ ಬರೆಯುವುದೇ ಇಲ್ಲ.

ಭಾರತಿ

•

ದಾಸರಪಲ್ಲಿ
1-10-1944

ಚಿ. ಭಾರತಿಗೆ,

ನೀನು ಹೇಳಿದ್ದು ತಡವಾಯಿತು. ಹೇಳಬಾರದ್ದನ್ನು ಹೇಳಿ ಮುಗಿಸಿದ್ದೇನೆ. ಹೇಳಿದ್ದಕ್ಕೆ ಪಶ್ಚಾತ್ತಾಪವೇನೂ ಇಲ್ಲ.

ಮೊದಲ ಸಲ ನೀರು ಸಿಕ್ಕಿದ ಮೇಲೆ ಎರಡು ವಾರ ನಮ್ಮ ಹಸುಗಳು ಹಾಲು ಕಮ್ಮಿ ಮಾಡಿದವು. ಹತ್ತು ಸೇರು ಬರುವಲ್ಲಿ ಎಂಟೂವರೆ. ಗೌರಿಗೆ ದೃಷ್ಟಿ ತೆಗೆಸಿದೆ, ಹಿಂಡಿ ಬದಲಾಯಿಸಿದೆ, ಬೇರೆ ಬಾವಿಯ ನೀರು ಕುಡಿಸಿದೆ. ಮಾಟ ಮಾಡಿಸಿದ್ದಾರೆ ಎನ್ನುವಷ್ಟಕ್ಕೆ ಬಂದಿದ್ದೆ. ಆ ಹಸುವನ್ನು ಮಾರಿಬಿಡುತ್ತೇನೆ ಅಂದ ಮಾರನೆಯ ದಿನವೇ ಮತ್ತೆ ಹತ್ತು ಸೇರಾಯಿತು. ಹದಿನೆಂಟನೆಯ ತಾರೀಖು ಗಂಗುಲಪ್ಪ ಕಡ್ಡಿ ಬಿಟ್ಟ. ನೀರು.

ಆವತ್ತು ನನಗೆ ತಡೆಯಲಾಗಲಿಲ್ಲ. ಮುನಿಕೃಷ್ಣಪ್ಪ ಎತ್ತು ಬಿಚ್ಚುತ್ತಿದ್ದ. ಎಲ್ಲರ ಎದುರಿಗೆ ಕೂಗಿದೆ.

‘ಮನೆ ಬಿಡೋವಾಗ ಹಾಲು, ಇಲ್ಲಿಗೆ ಬಂದ್ರೆ ನೀರು. ನಡುವೆ ಇರೋದು ನಿನ್ ಗಾಡಿ ಒಂದೇ ಕಣೋ! ಆವಲಪ್ಪ ಏನು ಕೊಡ್ತೀನಿ ಅಂದ ನಿಂಗೆ?’

ಅವನು ನೊಗ ಹಿಡಿದು ನಿಂತೇ ಇದ್ದ. ಬೇರೆ ಯಾರಾದರೂ ಆಗಿದ್ದರೆ ನನ್ನ ಕುತ್ತಿಗೆಗೆ ಕೈ ಹಾಕುತ್ತಿದ್ದ. ಅವನು, ‘ಅಣ್ಣ, ಮನೆಗೋಗಿ ಮಾತಾಡಾನ’ ಅಂದ. ‘ನಿನ್ ಮನೆ ಹೊಸ್ತಿಲು ತುಳಿಯಲ್ಲ, ನನ್ ಹೊಸ್ತಿಲು ನೀನು ತುಳೀಬೇಡ’ ಅಂದೆ. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ? ನೀನೇ ಹೇಳು.

ಮಾರನೆಯ ದಿನದಿಂದ ಕ್ಯಾನನ್ನು ನಾನೇ ತಲೆಯ ಮೇಲೆ ಹೊತ್ತೆ. ಎರಡು ಮೈಲಿ. ಎಲ್ಲೂ ಇಳಿಸಲಿಲ್ಲ, ಯಾರನ್ನೂ ಹತ್ತಿರ ಬಿಡಲಿಲ್ಲ. ಇಪ್ಪತ್ತೆಂಟನೆಯ ತಾರೀಖು ಮತ್ತೆ ನೀರು! ನಾನು ಹಟ ಹಿಡಿದು ಮಾಲೂರು ಪೇಟೆಯ ಡಾಕ್ಟರ ಹತ್ತಿರವಿದ್ದ ಇನ್ನೊಂದು ಗಾಜಿನ ಕಡ್ಡಿ ತರಿಸಿದೆ. ಅದೂ ಮುಳುಗಿತು. ಆ ಡಾಕ್ಟರು ಆವಲಪ್ಪನ ಮನೆಗೆ ಹೋಗಿ ಬರುವವರೇ ಎಂದು ಆಮೇಲೆ ತಿಳಿಯಿತು. ಅಂದರೆ ಅಳೆಯುವ ಪಾತ್ರೆಯಲ್ಲೇ ಗಂಗುಲಪ್ಪ ಮೊದಲೇ ನೀರು ಬಿಟ್ಟಿರುತ್ತಾನೆ. ಬೇರೆ ದಾರಿಯೇ ಇಲ್ಲ.

ಸಹಕಾರ ಇಲಾಖೆಯ ಇನ್ಸ್‌ಪೆಕ್ಟರಿಗೆ ಅರ್ಜಿ ಬರೆದೆ. ವಿಚಾರಣೆ ಮುಗಿಯುವವರೆಗೆ ಗಂಗುಲಪ್ಪನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಸಭೆಯ ದಿನವೇ ಇನ್ಸ್‌ಪೆಕ್ಟರು ಬಂದು ತೀರ್ಮಾನ ಹೇಳುತ್ತಾರಂತೆ. ಅವನ ಮೋಸ ಎಂದಾದರೆ ಮೂರನೆಯ ಸಲದ್ದು ಲೆಕ್ಕಕ್ಕಿಲ್ಲ, ನಾನು ನಿಲ್ಲಬಹುದು.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಮಾತು ಕಮ್ಮಿ ಮಾಡಿದ್ದಾಳೆ.

ನಿನ್ನ ಅಪ್ಪ
ದೊಡ್ಡವೆಂಕಟಪ್ಪ

•

ಶ್ರೀನಿವಾಸಪುರ
8-10-1944

ಅಪ್ಪನಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಹರಿಯಬಾರದೆಂದು ನಿರ್ಧಾರ ಮಾಡಿ ಬರೆಯುತ್ತಿದ್ದೇನೆ.

ಗಾಡಿಯಲ್ಲಿ ಯಾರೂ ನೀರು ಹಾಕಲಿಲ್ಲ. ಕೊನೆಯ ಸಲ ಕ್ಯಾನು ನಿಮ್ಮ ತಲೆಯ ಮೇಲಿತ್ತು. ಕಡ್ಡಿಯೂ ಸುಳ್ಳು ಹೇಳಲಿಲ್ಲ. ಎರಡು ಕಡ್ಡಿ ಒಂದೇ ಸುಳ್ಳನ್ನು ಹೇಳುವುದಿಲ್ಲ. ಪಾತ್ರೆಯಲ್ಲಿ ನೀರಿದ್ದಿದ್ದರೆ ನಿಮ್ಮ ಹಿಂದೆ ಮುಂದೆ ನಿಂತವರ ಹಾಲೂ ಕೆಡಬೇಕಿತ್ತು, ಕೆಡಲಿಲ್ಲ. ಹಾಗಾದರೆ ಹಾಲು ನಮ್ಮ ಹಿತ್ತಲಿನಿಂದ ಹೊರಡುವಾಗಲೇ ಅದರಲ್ಲಿ ನೀರಿತ್ತು. ಮನೆಯಲ್ಲಿರುವವರು ಇಬ್ಬರು.

ಯುದ್ಧ ಬಂದ ಮೇಲೆ ಹಿಂಡಿ ಬೂಸಾ ಎಲ್ಲದಕ್ಕೂ ಬೆಲೆ ಏರಿದೆ ಎಂದು ಗೊತ್ತು. ಎಷ್ಟೋ ಒಳ್ಳೆಯವರು ಈಗ ಮಾಡಬಾರದ್ದನ್ನು ಮಾಡುತ್ತಿದ್ದಾರೆ. ನಾನು ಯಾರಿಗೂ ಹೇಳುವುದಿಲ್ಲ. ಆದರೆ ಗಂಗುಲಪ್ಪನವರಿಗೆ ನಾಲ್ಕು ಮಕ್ಕಳು. ದೊಡ್ಡವಳಿಗೆ ಅಕ್ಷರ ಕಲಿಸಿದ್ದು ನಾನೇ.

ಅಪ್ಪ, ನೀವೇ ಹಾಕಿದಿರಾ?

ಭಾರತಿ

•

ದಾಸರಪಲ್ಲಿ
13-10-1944

ಭಾರತಿಗೆ,

ಕಾಗದ ತಲುಪಿತು. ದೀಪಾವಳಿಗೆ ರಜೆ ಎರಡೇ ದಿನವಾದರೆ ಅಷ್ಟು ದೂರದಿಂದ ಬರಬೇಕೆಂದೇನೂ ಇಲ್ಲ.

ದೊಡ್ಡವೆಂಕಟಪ್ಪ

•

ಶ್ರೀನಿವಾಸಪುರ
5-11-1944

ಅಪ್ಪನಿಗೆ,

ಅಮ್ಮ ಇಲ್ಲಿದ್ದಾಳೆ, ಗಾಬರಿಯಾಗಬೇಡಿ. ನನಗೆ ಮೈಯಲ್ಲಿ ಸರಿಯಿಲ್ಲವೆಂದು ನಿಮಗೆ ಸುಳ್ಳು ಹೇಳಿ ಹೊರಟಳಂತೆ. ನಾನು ಚೆನ್ನಾಗಿದ್ದೇನೆ. ಬೌರಿಂಗ್‌ಪೇಟೆಯಲ್ಲಿ ಇಳಿದು, ಯಾರನ್ನೋ ಕೇಳಿ ಸಣ್ಣ ರೈಲು ಹತ್ತಿ, ಒಬ್ಬಳೇ ಬಂದಿದ್ದಾಳೆ. ಹುಟ್ಟಿದ ಮೇಲೆ ಒಬ್ಬಳೇ ರೈಲು ಹತ್ತಿದ್ದು ಇದೇ ಮೊದಲು. ಬಂದವಳು ನೀರೂ ಕುಡಿಯದೆ, ‘ಪೆನ್ನು ತಗೋ, ನಿಮ್ಮಪ್ಪಂಗೆ ಒಂದು ಕಾಗ್ದ ಬರೀಬೇಕು, ಅಲ್ಲಿ ಮುಖ ನೋಡ್ಕೊಂಡು ನನ್ ಬಾಯಿಂದ ಬರಲ್ಲ’ ಅಂದಳು. ಇನ್ನು ಮುಂದಿನದು ಅವಳ ಮಾತು. ಹೇಳಿದ ಹಾಗೇ ಬರೆಯುತ್ತಿದ್ದೇನೆ.

ನೀರು ಹಾಕಿದ್ದು ನಾನು. ಇದನ್ನ ಮೊದ್ಲು ಓದ್ಬಿಡಿ. ಆಮೇಲೆ ಕೂತ್ಕೊಂಡು ಮಿಕ್ಕಿದ್ದು ಓದಿ.

ಮುನಿಕೃಷ್ಣಪ್ಪನ ಒಂದು ಹಸು ಗಬ್ಬವಾಗಿ ಹಾಲು ಬತ್ತಿತ್ತು. ಇನ್ನೊಂದಕ್ಕೆ ಕೆಚ್ಚಲು ಬಾವು ಬಂತು, ಹಿಂಡಿದ್ರೆ ರಕ್ತ. ನಿಮ್ಮ ಇನ್ನೂರು ದಿನಕ್ಕೆ ಅವನಿಗೆ ಇನ್ನೂ ಐವತ್ತು ದಿನ ಬೇಕಿತ್ತಂತೆ. ಗೌರಿ ಹಬ್ಬದ ಮಾರನೇ ದಿನ ಹಿತ್ತಲ ಬಾಗಿಲಿಗೆ ಬಂದು ನಿಂತ. ‘ಅತ್ತಿಗೆ, ದಿನಾ ಒಂದೂವರೆ ಸೇರು ಹಾಲು ಕೊಡಿ. ನಮ್ಮದು ಈದ ಮೇಲೆ ಅಳೆದು ವಾಪಸ್ ಕೊಡ್ತೀನಿ. ಅಣ್ಣಂಗೆ ಮಾತ್ರ ಹೇಳ್ಬೇಡಿ’ ಅಂದ. ಯಾಕಪ್ಪಾ ಅಂದೆ. ‘ಆ ರೂಲು ತಂದೋನೇ ಅವನು. ಗೊತ್ತಾದ್ರೆ ಎಲ್ರಿಗಿಂತ ಮೊದ್ಲು ನನ್ ಹೆಸ್ರು ಅವನೇ ಹೊಡೆಸಿ ಹಾಕ್ತಾನೆ’ ಅಂದ. ನೀವೇ ಹೇಳಿ, ಹೊಡೆಸ್ತಿರಲಿಲ್ವಾ?

ನಮ್ಮ ಮಗೂನ ಗಾಡಿ ಕಟ್ಟಿ ಓದೋಕೆ ಕರ್ಕೊಂಡು ಹೋದೋನು ಅವನು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಕೊಟ್ಟೆ. ಪಾತ್ರೇಲಿ ಕಮ್ಮಿ ಕಂಡ್ರೆ ನೀವು ಕೇಳ್ತೀರಿ ಅಂತ ಅಷ್ಟಕ್ಕೆ ನೀರು ಹಾಕ್ದೆ. ಹತ್ತು ಸೇರಿಗೆ ಇಷ್ಟು ನೀರು ಯಾರಿಗೆ ಗೊತ್ತಾಗ್ತದೆ ಅಂದ್ಕೊಂಡೆ. ಮೊದಲ ಸಲ ಸಿಕ್ಕಿದಾಗ ನೀರು ನಿಲ್ಲಿಸಿದೆ, ಹಾಲು ಕೊಡೋದು ನಿಲ್ಲಿಸಲಿಲ್ಲ. ನೀವು ಹಾಲು ಕಮ್ಮಿಯಾಯ್ತು ಅಂತ ಗೌರೀನ ಮಾರ್ತೀನಿ ಅಂದ್ರಿ. ಹೆದರ್ಕೊಂಡು ಮತ್ತೆ ಹಾಕ್ದೆ.

ನೀರಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಮೊದಲ ಸಲ ಅನುಮಾನ ಬಂದಿರಬೇಕು. ನೀವು ಶೆಡ್ಡಿನ ಮುಂದೆ ಕೂಗಾಡಿದ ದಿನ ಗೊತ್ತಾಯ್ತು. ಇನ್ನು ಬರಲ್ಲ ಅಂದ್ಕೊಂಡೆ. ಮಾರನೇ ದಿನ ಬೆಳಗಾಗೋದ್ರೊಳಗೆ ಚೊಂಬು ಹಿಡ್ಕೊಂಡು ಬಂದು ತಲೆ ತಗ್ಗಿಸ್ಕೊಂಡು ನಿಂತ. ಹುಯ್ದು ಕೊಟ್ಟೆ, ಗೌರೀನ ಮಾರ್ಬಿಡ್ತೀರಿ ಅಂತ ಅಷ್ಟಕ್ಕೆ ಮತ್ತೆ ನೀರು ಹಾಕ್ದೆ. ಇನ್ನೂರು ದಿನ ತುಂಬೋವರೆಗೂ ಬಂದ.

ಹೋದ ವಾರ ಗಂಗುಲಪ್ಪನ ಹೆಂಡ್ತಿ ವೆಂಕಟರತ್ನಮ್ಮ ಬಂದು ನಮ್ಮ ಅಂಗಳದಾಗೆ ನಿಂತಿದ್ಳು. ಏನೂ ಕೇಳಲಿಲ್ಲ, ಬಯ್ಯಲಿಲ್ಲ. ಹೊತ್ತೇರೋವರೆಗೂ ನಿಂತಿದ್ದು ಹೋದ್ಳು. ಆಮೇಲೆ ನನಗೆ ಊಟ ಸೇರಲಿಲ್ಲ. ಮಗಳು ನಿಮ್ಮನ್ನೇ ಕೇಳಿದ್ಳು ಅಂತ ಇವತ್ತು ಇಲ್ಲಿ ಗೊತ್ತಾಯ್ತು. ಆ ಕಾಗ್ದ ಬಂದ ದಿನ ನೀವು ಯಾಕೆ ಹಂಗೆ ಕೊಟ್ಟಿಗೇಲಿ ಕೂತಿದ್ರಿ ಅಂತ ಈಗ ತಿಳೀತು.

ಬಾ ಅಂದ್ರೆ ಬರ್ತೀನಿ. ಬೇಡ ಅಂದ್ರೆ ಇಲ್ಲೇ ಇರ್ತೀನಿ.

ಹೇಳಿದವಳು ಮುನಿಯಲ್ಲಮ್ಮ
ಬರೆದವಳು ಭಾರತಿ

ನನ್ನದೊಂದು ಮಾತು ಅಪ್ಪ. ಆ ಪ್ರಶ್ನೆ ನಿಮ್ಮನ್ನು ಕೇಳಬಾರದಿತ್ತು. ಕ್ಷಮಿಸಿ.

•

ದಾಸರಪಲ್ಲಿ
11-11-1944

ಚಿ. ಭಾರತಿಗೆ,

ನಿನ್ನ ಅಮ್ಮನನ್ನು ಬುಧವಾರದ ರೈಲಿಗೆ ಹತ್ತಿಸು. ಮಾಲೂರು ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ಗೌರಿ ನನ್ನ ಕೈಗೆ ಹಾಲು ಸೊರೆಯುವುದಿಲ್ಲ, ಒದೆಯುತ್ತದೆ. ಅದಕ್ಕಾಗಿ ಕರೆಯುತ್ತಿಲ್ಲ ಎಂದು ಅವಳಿಗೆ ಹೇಳು.

ಕೇಳಿದ್ದಕ್ಕೆ ನೀನು ಕ್ಷಮೆ ಕೇಳಬೇಡ. ನಾಲ್ಕು ದಿನ ನಿನ್ನ ಮೇಲೆ ಕುದಿಯುತ್ತಿದ್ದೆ. ‘ನನ್ನ ಮಗಳೇ ನನ್ನನ್ನು ಕಳ್ಳ ಎಂದಳಲ್ಲ’ ಎಂದು. ಮುನಿಕೃಷ್ಣಪ್ಪನನ್ನು ನಾನು ಇಪ್ಪತ್ತು ಜನರ ಎದುರಿಗೆ ಅಂದದ್ದು ಆಗಲೂ ನನಗೆ ನೆನಪಾಗಲಿಲ್ಲ ನೋಡು.

ಆದರೆ ಅವನ ಮೇಲೆ ನನಗಿರುವ ಸಿಟ್ಟು ಹೋಗಿದೆ ಎಂದುಕೊಳ್ಳಬೇಡ. ಹೆಚ್ಚಾಗಿದೆ. ಮುಂಚೆ ಅವನು ಆವಲಪ್ಪನ ಕಡೆಯವನೆಂದು ಸಿಟ್ಟಿತ್ತು. ಈಗ ನನ್ನ ಮುಂಬಾಗಿಲು ಬಿಟ್ಟು ಹಿತ್ತಲಿಗೆ ಹೋದನಲ್ಲ ಎಂದು. ಗಂಗುಲಪ್ಪ ಮನೆಯಲ್ಲಿ ಕೂತಿರುವುದು ಅವನಿಗೂ ಕಾಣುತ್ತದೆ. ಅವನೂ ಬಾಯಿ ಬಿಡಲಿಲ್ಲ.

ಸಭೆಗೆ ಹದಿನೈದು ದಿನವಿದೆ. ಎಲ್ಲವನ್ನೂ ಹೇಳಿದರೆ ಅವನ ಹೆಸರೂ ಹೋಗುತ್ತದೆ, ನಿನ್ನ ಅಮ್ಮನ ಹೆಸರೂ ಬಾಯಿಂದ ಬಾಯಿಗೆ ಹೋಗುತ್ತದೆ. ಹೇಳದಿದ್ದರೆ ಗಂಗುಲಪ್ಪನ ಅನ್ನ ಹೋಗುತ್ತದೆ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಬರೆದೆ, ಅಷ್ಟೆ.

ಅಪ್ಪ

•

ದಾಸರಪಲ್ಲಿ
27-11-1944

ಚಿ. ಭಾರತಿಗೆ,

ನಿನ್ನೆ ಸಭೆ ಮುಗಿಯಿತು. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮುಂಚೆ ನಾನೇ ಬರೆಯುತ್ತೇನೆ.

ಶೆಡ್ಡಿನ ಮುಂದೆ ಚಪ್ಪರ ಹಾಕಿದ್ದರು. ನೂರಕ್ಕೂ ಮಿಕ್ಕಿ ಜನ. ಇನ್ಸ್‌ಪೆಕ್ಟರು ಮೊದಲು ನನ್ನ ಅರ್ಜಿಯನ್ನೇ ಕೈಗೆತ್ತಿಕೊಂಡರು. ಗಂಗುಲಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು ಮೂಲೆಯಲ್ಲಿ ನಿಂತಿದ್ದ. ‘ನಾನು ನೀರು ಹಾಕಿಲ್ಲ ಸ್ವಾಮಿ. ಇದಕ್ಕಿಂತ ಹೆಚ್ಚಿಗೆ ಏನು ಹೇಳ್ಬೇಕೋ ನಂಗೊತ್ತಿಲ್ಲ’ ಎಂದಷ್ಟೇ ಹೇಳಿದ. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು.

ನಾನು ಎದ್ದೆ. ‘ಗಂಗುಲಪ್ಪಂದು ತಪ್ಪಿಲ್ಲ. ನನ್ ಅರ್ಜಿ ಸುಳ್ಳು. ನೀರು ಬಿದ್ದಿದ್ದು ನನ್ ಮನೇಲಿ. ನನ್ ಮನೇಲಿ ಆಗಿದ್ದಕ್ಕೆ ನಾನೇ ಜವಾಬ್ದಾರ’ ಅಂದೆ.

ಚಪ್ಪರದಲ್ಲಿ ಮೊದಲು ಒಬ್ಬನು ನಕ್ಕ, ಆಮೇಲೆ ತುಂಬಾ ಜನ. ಆವಲಪ್ಪ, ‘ರೂಲು ತಂದೋನು ನೀನೇ ಅಲ್ವೇನಪ್ಪ’ ಅಂದ. ನಾನು ಹೌದು ಅಂದೆ. ಇನ್ಸ್‌ಪೆಕ್ಟರು ನನ್ನ ಹೆಸರಿನ ಮೇಲೆ ಗೀಟು ಹಾಕಿ, ‘ಇನ್ನೇನಾದರೂ ಹೇಳುವುದಿದೆಯೋ’ ಎಂದರು.

ಆಗ ನಾನು ಮುನಿಕೃಷ್ಣಪ್ಪನ ಕಡೆ ನೋಡಿದೆ. ಎರಡನೆಯ ಸಾಲಿನಲ್ಲಿ ಕೂತಿದ್ದ. ಅವನೂ ನನ್ನನ್ನೇ ನೋಡುತ್ತಿದ್ದ. ‘ಇಲ್ಲ ಸ್ವಾಮಿ’ ಎಂದು ಕೂತುಬಿಟ್ಟೆ. ಅವನು ಏಳುತ್ತಾನೆಂದುಕೊಂಡೆ. ಸತ್ಯ ಹೇಳುತ್ತೇನೆ ಭಾರತಿ, ಚೀಟಿ ಹಂಚುವವರೆಗೂ ಕಾದೆ. ಅವನು ಏಳಲಿಲ್ಲ.

ಅವನು ಗೆದ್ದ. ಅರವತ್ತೊಂದು ಚೀಟಿ. ನನ್ನ ಚೀಟಿ ಯಾರಿಗೆ ಹಾಕಿದೆ ಎಂದು ಕೇಳಬೇಡ.

ಗಂಗುಲಪ್ಪನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಅವನ ಮನೆಗೆ ಹೋಗಿ ಕೈ ಮುಗಿದೆ. ಅವನು ಒಳಗೆ ಹೋದ. ವೆಂಕಟರತ್ನಮ್ಮ ನನಗೆ ಚಾಪೆ ಹಾಕಿದಳು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

ನಾನೇ ನೀರು ಹಾಕಿದೆ ಎಂದು ಊರೆಲ್ಲ ತಿಳಿದುಕೊಂಡಿದೆ. ತಿಳಿದುಕೊಳ್ಳಲಿ. ನಿನ್ನ ಅಮ್ಮ ಮಾತ್ರ ದಿನಕ್ಕೆರಡು ಸಲ ಅಳುತ್ತಾಳೆ. ಸಂಕ್ರಾಂತಿಗೆ ಬಾ.

ನಿನ್ನ ದಾರಿ ನೋಡುವ
ಅಪ್ಪ

•

ದಾಸರಪಲ್ಲಿ
21-1-1945

ಮಗು ಭಾರತಿಗೆ ಮುನಿಕೃಷ್ಣಪ್ಪನ ಆಶೀರ್ವಾದ.

ನನ್ನ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ಸಂಕ್ರಾಂತಿಗೆ ನೀನು ಬಂದಾಗ ನಿಮ್ಮ ಮನೆಯ ಮುಂದೆ ಎರಡು ಸಲ ಹಾದುಹೋದೆ. ನೀನು ಎತ್ತುಗಳಿಗೆ ಅರಿಶಿನ ಹಚ್ಚುತ್ತಿದ್ದೆ. ಕರೆಯಲು ಮುಖವಿರಲಿಲ್ಲ.

ಅಣ್ಣ ಆವತ್ತು ಅರ್ಧ ಹೇಳಿ ನನ್ನ ಮುಖ ನೋಡಿ ಕೂತುಬಿಟ್ಟ. ಉಳಿದರ್ಧ ನನಗೆ ಬಿಟ್ಟ ಎಂದು ಗೊತ್ತಾಯಿತು. ಎದ್ದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಪಕ್ಕದವನು, ‘ಸುಮ್ನಿರು, ನೀನಾದ್ರೂ ಗೆಲ್ಲು’ ಎಂದು ತೊಡೆ ಒತ್ತಿದ. ಅವನು ಒತ್ತದಿದ್ದರೂ ಏಳುತ್ತಿದ್ದೆನೋ ಇಲ್ಲವೋ ಹೇಳಲಾರೆ. ಐವತ್ತು ದಿನ ಇನ್ನೊಬ್ಬರ ಹಾಲಿನ ಚೊಂಬು ಹಿಡಿದು ಸಂಪಾದಿಸಿದ ಕುರ್ಚಿ ಕಣಮ್ಮ ಅದು. ಕೈ ಬಿಡಲಿಲ್ಲ.

ಮೊದಲ ಮೀಟಿಂಗಿನಲ್ಲಿ, ಹಾಲು ಹಾಕದವರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕೆಂದು ನಾನು ಬಾಯಿ ತೆರೆದೆ. ಆವಲಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, ‘ಸುಮ್ನಿರಪ್ಪ ಮುನಿಕೃಷ್ಣ. ದೊಡ್ಡವೆಂಕಟಪ್ಪನ ಹಿತ್ತಲ ಬಾಗ್ಲು ನಾನೂ ನೋಡಿದೀನಿ’ ಅಂದ. ಅವನಿಗೆ ಎಲ್ಲ ಗೊತ್ತಿತ್ತು. ನಿಮ್ಮಪ್ಪ ಅವಮಾನ ಪಟ್ಟದ್ದನ್ನೂ ಗಂಗುಲಪ್ಪ ಮನೆಯಲ್ಲಿ ಕೂತದ್ದನ್ನೂ ನೋಡಿಕೊಂಡು ಸುಮ್ಮನಿದ್ದ. ನಾನು ಗೆಲ್ಲುವುದೇ ಅವನಿಗೆ ಬೇಕಿತ್ತು. ಎರಡನೆಯ ಮೀಟಿಂಗಿನಲ್ಲಿ ಒಂದು ಕಾಗದ ತಂದು ರುಜು ಹಾಕು ಅಂದ. ಓದಲೂ ಬಿಡಲಿಲ್ಲ. ಹಾಕಿದೆ.

ಮೂರನೆಯದು ಹೋದ ಗುರುವಾರ. ಹಾಲು ಹಾಕುವವರೆಲ್ಲ ಸಾಲಾಗಿ ನಿಂತಿರುವಾಗ ಶೆಡ್ಡಿನ ಬಾಗಿಲಿಗೆ ಬಂದು ಕೂಗಿ ಹೇಳಿದೆ. ನನ್ನ ಹಸುವಿಗೆ ಬಾವು ಬಂದದ್ದು, ಅತ್ತಿಗೆಯ ಹತ್ತಿರ ಹಾಲು ಬೇಡಿದ್ದು, ಅವರು ನನಗೋಸ್ಕರ ನೀರು ಹಾಕಬೇಕಾಗಿ ಬಂದದ್ದು, ಅಣ್ಣನಿಗೆ ಏನೂ ಗೊತ್ತಿಲ್ಲದೆ ಇದ್ದದ್ದು, ಎಲ್ಲ. ರಾಜೀನಾಮೆ ಬರೆದುಕೊಂಡು ಹೋಗಿದ್ದೆ. ಗಂಗುಲಪ್ಪನೇ ಅದನ್ನು ಕೈಯಲ್ಲಿ ತೆಗೆದುಕೊಂಡು ಪುಸ್ತಕಕ್ಕೆ ಏರಿಸಿದ. ಆ ಜಾಗಕ್ಕೆ ಆವಲಪ್ಪ ತನ್ನ ಷಡ್ಡಕನನ್ನು ತಂದು ಕೂರಿಸಿದ್ದಾನೆ. ಅದರಲ್ಲಿ ನಾವು ಸೋತೆವು ಮಗು. ಸುಳ್ಳು ಸಮಾಧಾನ ಹೇಳುವುದಿಲ್ಲ.

ಅಲ್ಲಿಂದ ನೆಟ್ಟಗೆ ನಿಮ್ಮ ಮನೆಗೆ ಹೋದೆ. ಮುಂಬಾಗಿಲಿಗೆ. ಅಣ್ಣ ಅಂಗಳದಲ್ಲಿ ರಾಗಿ ಹುಲ್ಲು ಕತ್ತರಿಸುತ್ತಿದ್ದ. ಸುದ್ದಿ ನನಗಿಂತ ಮೊದಲೇ ಬಂದಿತ್ತು ಎಂದು ಅವನು ತಲೆ ಎತ್ತದೆ ಇದ್ದದ್ದರಲ್ಲೇ ತಿಳಿಯಿತು. ನಾನು ಹೊಸ್ತಿಲ ಹೊರಗೇ ನಿಂತೆ. ತುಳಿಯಬೇಡ ಅಂದಿದ್ದನಲ್ಲ.

‘ಯಾಕ್ಲಾ ನಂಗೆ ಹೇಳ್ಲಿಲ್ಲ?’ ಅಂದ.

‘ಹೇಳಿದ್ರೆ ಏನ್ ಮಾಡ್ತಿದ್ದೆ ಅಣ್ಣ?’

ಹುಲ್ಲು ಕತ್ತರಿಸುತ್ತಲೇ ಇದ್ದ. ‘ನಿನ್ ಹೆಸ್ರು ಹೊಡೆಸ್ತಿದ್ದೆ’ ಅಂದ. ಆಮೇಲೆ, ‘ಹೊಡೆಸಿ, ಅದೇ ದಿನ ನಿಮ್ಮನೆಗೆ ಹಾಲು ಕಳಿಸ್ತಿದ್ದೆ’ ಅಂದ.

ಅತ್ತಿಗೆ ಬಾಗಿಲಲ್ಲಿ ಬಂದು ನಿಂತವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಅಣ್ಣ ಕುಡುಗೋಲು ಕೆಳಗಿಟ್ಟ.

‘ಕೆಚ್ಚಲ ಬಾವಿಗೆ ಏನ್ ಹಚ್ದೆ?’

‘ಬೇವಿನೆಣ್ಣೆ.’

‘ಬೇವಿನೆಣ್ಣೆಗೆ ಹೋಗ್ತದೇನ್ಲಾ ಅದು?’ ಎಂದು ಎದ್ದ. ಬೇಲಿಯಲ್ಲಿದ್ದ ಲೋಳೆಸರದ ಎರಡು ಎಸಳು ಮುರಿದುಕೊಂಡ, ಒಳಗಿನಿಂದ ಅರಿಶಿನ ತರಿಸಿದ, ಟವೆಲ್ಲು ಹೆಗಲಿಗೆ ಹಾಕಿಕೊಂಡು ನನ್ನನ್ನು ದಾಟಿ ಬೀದಿಗಿಳಿದ. ನನ್ನ ಕಡೆ ತಿರುಗಿಯೂ ನೋಡದೆ ನಮ್ಮ ಮನೆಯ ಕಡೆ ನಡೆದ. ನಾನು ಹಿಂದೆ ಹೋದೆ.

ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆನ್ನು ಸವರಿ, ಕೆಚ್ಚಲನ್ನು ಒಂದೊಂದೇ ಕಡೆ ಒತ್ತಿ ನೋಡಿದ. ಬಾವು ಹಳೆಯದಾಗಿ ಒಂದು ಮೊಲೆ ಕಲ್ಲಿನ ಹಾಗೆ ಕಟ್ಟಿಹೋಗಿದೆ. ಇನ್ನು ಅದರಲ್ಲಿ ಹಾಲು ಬರುವುದಿಲ್ಲ. ಅಣ್ಣ ತುಂಬಾ ಹೊತ್ತು ಒತ್ತಿ ನೋಡಿ, ಕೈ ಒರೆಸಿಕೊಂಡು,

‘ಮೂರು ಉಳ್ಕೊಂಡವೆ ಬಿಡು’ ಅಂದ.

ನಿನ್ನ ಚಿಕ್ಕಪ್ಪ
ಮುನಿಕೃಷ್ಣಪ್ಪ